ತಪ್ಪೇ ದಾರಿ ತೋರುವ ಪದಬಂಧ

ಲಂಡನ್ನಿನ ‘ಟೈಮ್ಸ್’ ಪತ್ರಿಕೆಯಲ್ಲಿ ಶನಿವಾರ ‘ಲಿಸನರ್’ ಎಂಬ ಪದಬಂಧ ಬರುತ್ತದೆ. ಸಾಮಾನ್ಯವಾಗಿ ಅದರಲ್ಲಿ ಕಪ್ಪು ಚೌಕಗಳಿರುವುದಿಲ್ಲ. ಪದ ಎಲ್ಲಿಗೆ ಮುಗಿಯಿತೆಂದು ತಿಳಿಸಲು ದಪ್ಪ ಗೆರೆಗಳಷ್ಟೇ. ಸುಳಿವುಗಳಿಗೂ ಮೊದಲು ಒಂದು ಪೀಠಿಕೆ. ಓದಿದರೆ ತಲೆ ಕೆಡುತ್ತದೆ: ಕೆಲವು ಉತ್ತರಗಳಿಗೆ ಸುಳಿವೇ ಇಲ್ಲ, ಕೆಲವು ಸುಳಿವುಗಳಲ್ಲಿ ಬೇಕೆಂದೇ ಮಾಡಿದ ತಪ್ಪಿದೆ, ಎಲ್ಲ ತುಂಬಿದ ಮೇಲೆ ಏನನ್ನೋ ಹುಡುಕಿ ಬಣ್ಣ ಹಚ್ಚಬೇಕು.

1930ರಲ್ಲಿ ಬಿಬಿಸಿಯ ‘ದಿ ಲಿಸನರ್’ ವಾರಪತ್ರಿಕೆಯಲ್ಲಿ ಶುರುವಾದ ಈ ಪದಬಂಧ, ಆ ಪತ್ರಿಕೆ 1991ರಲ್ಲಿ ನಿಂತಾಗ ‘ಟೈಮ್ಸ್’ಗೆ ಬಂತು. ಇಂಥ ಕಠಿಣ ಪದಬಂಧಗಳ ಮೂಲಪುರುಷ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್. 1926ರಿಂದ ‘ಅಬ್ಸರ್ವರ್’ ಪತ್ರಿಕೆಗೆ ಹೆಣೆಯುತ್ತಿದ್ದ ಆತ ಇಟ್ಟುಕೊಂಡ ಹೆಸರು ಟಾರ್ಕ್ವೆಮಾಡ; ಸ್ಪೇನಿನಲ್ಲಿ ಧರ್ಮದ್ರೋಹದ ವಿಚಾರಣೆ ನಡೆಸಿ ಜನರನ್ನು ಹಿಂಸಿಸಿದ ಅಧಿಕಾರಿಯ ಹೆಸರದು. ನಂತರ ಬಂದ ಮ್ಯಾಕ್‌ನಟ್ ಅಂಥದೇ ಇನ್ನೊಬ್ಬನ ಹೆಸರು ಹಿಡಿದು ಜಿಮೆನೀಸ್ ಆದರು. 1972ರಲ್ಲಿ ಆ ಜಾಗಕ್ಕೆ ಬಂದ ಜೊನಾಥನ್ ಕ್ರೌಥರ್ ‘ಡೇಝ’ ಎಂಬ ವಿಚಾರಣಾಧಿಕಾರಿಯ ಹೆಸರನ್ನು ಹಿಂದುಮುಂದಾಗಿಸಿ ‘ಅಝೆಡ್’ ಎನಿಸಿಕೊಂಡರು. ಹೆಸರಿನಲ್ಲೇ ಆಟ ಶುರು.

ನಮ್ಮ ಪತ್ರಿಕೆಗಳ ಪದಬಂಧದಲ್ಲಿ ಅರ್ಥ ಕೊಟ್ಟರೆ ಪದ ಬರೆಯುತ್ತೇವೆ. ಈ ಪದಬಂಧಗಳಲ್ಲಿರುವ ಕ್ರಿಪ್ಟಿಕ್ ಸುಳಿವು ಒಂದೇ ಉತ್ತರಕ್ಕೆ ಎರಡು ದಾರಿ ತೋರಿಸುತ್ತದೆ: ಒಂದು ತುದಿಯಲ್ಲಿ ಅರ್ಥ, ಉಳಿದ ಭಾಗದಲ್ಲಿ ಅಕ್ಷರದಾಟ. ಮೂಲ ಆಟ ಇಂಗ್ಲಿಷ್ ಅಕ್ಷರಗಳದ್ದು. ಒಳಗಿನ ಕೀಲು ಕಾಣಲೆಂದು ಕನ್ನಡದಲ್ಲೇ ಕೆಲವನ್ನು ಹೊಸೆದಿದ್ದೇನೆ; ಕಂಸದಲ್ಲಿರುವುದು ಉತ್ತರದ ಅಕ್ಷರಗಳ ಸಂಖ್ಯೆ.

‘ನದಿ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ (2)’. ನದಿಯನ್ನು ಹಿಂದಿನಿಂದ ಓದಿ: ದಿನ.

‘ಹಸ್ತಕ್ಕೆ ವೃಕ್ಷ ಸೇರಿದರೆ ದಾರಿ ತೋರುತ್ತದೆ (3)’. ಕೈ, ಮರ: ಕೈಮರ.

ಇಷ್ಟಾದರೆ ಅದು ಸಾದಾ ಕ್ರಿಪ್ಟಿಕ್. ವಸ್ತು ಇಟ್ಟುಕೊಂಡು ಹೆಣೆದ ಪದಬಂಧದಲ್ಲಿ ಇದರ ಮೇಲೆ ಇನ್ನೊಂದು ಪದರ ಬರುತ್ತದೆ. ‘ಪ್ರತಿ ಸುಳಿವಿನಲ್ಲೂ ಒಂದು ಪದ ಹೆಚ್ಚಿಗೆ ಇದೆ, ಅವುಗಳ ಮೊದಲಕ್ಷರಗಳು ಒಬ್ಬ ಲೇಖಕರನ್ನು ಹೆಸರಿಸುತ್ತವೆ’ ಎಂದು ಪೀಠಿಕೆ ಹೇಳಿದೆ ಎನ್ನಿ. ಆಗ ಸುಳಿವುಗಳು ಹೀಗಿರುತ್ತವೆ:

‘ಕಾಡಿನ ನದಿ ಹಿಂದಕ್ಕೆ ಹರಿದರೆ ಇಪ್ಪತ್ನಾಲ್ಕು ಗಂಟೆ.’
‘ಹಸ್ತಕ್ಕೆ ರಂಗಿನ ವೃಕ್ಷ ಸೇರಿದರೆ ದಾರಿ ತೋರುತ್ತದೆ.’
‘ತಣ್ಣನೆಯ ರಸ ಹಿಂದುಮುಂದಾದರೆ ಕೊರಳಿಗೆ ಒಡವೆ.’

ಉತ್ತರ ದಿನ, ಕೈಮರ, ಸರ. ಅರ್ಥಕ್ಕೂ ಬೇಡ, ಅಕ್ಷರದಾಟಕ್ಕೂ ಬೇಡ ಎಂದು ಉಳಿದುಬಿಟ್ಟ ಪದಗಳು ಕಾಡಿನ, ರಂಗಿನ, ತಣ್ಣನೆಯ. ಮೊದಲಕ್ಷರ ಕೂಡಿಸಿ: ಕಾರಂತ. ಈಗ ಅವರ ಕಾದಂಬರಿಗಳನ್ನು ನೆನೆದರೆ ಸುಳಿವಿಲ್ಲದ ಎರಡಕ್ಷರದ ಉತ್ತರ ಚೋಮ, ಮೂರಕ್ಷರದ್ದು ಮೂಕಜ್ಜಿ ಎಂದು ತಾನಾಗಿ ಹೊಳೆಯುತ್ತದೆ. ಪೀಠಿಕೆಯ ಕೊನೆಯ ಸಾಲು ‘ಒಬ್ಬನ ಸಂಕಟದ ಸದ್ದಿಗೆ ಬಣ್ಣ ಹಚ್ಚಿ’ ಎಂದಿದ್ದರೆ, ಚೌಕಗಳಲ್ಲಿ ಓರೆಯಾಗಿ ಅಡಗಿರುವ ‘ದುಡಿ’ಯನ್ನು ಹುಡುಕಬೇಕು.

ಹೆಚ್ಚುವರಿ ಪದ ಒಂದು ಬಗೆಯಷ್ಟೇ. ಅಕ್ಷರದಾಟ ಉತ್ತರಕ್ಕಿಂತ ಒಂದಕ್ಷರ ಹೆಚ್ಚು ಕೊಡಬಹುದು. ಅರ್ಥದಲ್ಲಿ ಅಚ್ಚಿನ ತಪ್ಪಿರಬಹುದು: ‘ಹಣ್ಣು’ ಇರಬೇಕಾದಲ್ಲಿ ‘ಹೆಣ್ಣು’ ಎಂದು ಅಚ್ಚಾಗಿರುತ್ತದೆ, ನೀವು ಸೀತೆ, ಗೀತೆ ಎಂದು ಹುಡುಕುತ್ತ ಕೂತರೆ ಉತ್ತರ ಮಾವು. ಅಡ್ಡಸಾಲು, ಉದ್ದಸಾಲು ಕೂಡುವ ಚೌಕದಲ್ಲಿ ಎರಡು ಬೇರೆ ಅಕ್ಷರಗಳು ಜಗಳಕ್ಕೆ ನಿಲ್ಲಬಹುದು. ಸಾದಾ ಪದಬಂಧದಲ್ಲಿ ಹೀಗಾದರೆ ರಬ್ಬರ್ ಹುಡುಕುತ್ತೇವೆ. ಇಲ್ಲಿ ಆ ಚೌಕವನ್ನೇ ಗುರುತು ಹಾಕಿಕೊಳ್ಳಬೇಕು. ಹೊಂದದೆ ಉಳಿದದ್ದೆಲ್ಲ ಸುಳಿವು ಎಂಬುದೇ ಈ ಆಟದ ಗುಟ್ಟು.

ಬಿಡಿಸಲು ಕೂರುವಾಗ ಪೀಠಿಕೆಯನ್ನು ಕರಾರುಪತ್ರದಂತೆ ಓದಿ. ಅರ್ಥವಾಗದ ಸಾಲುಗಳಿಗೆ ಅಡಿಗೆರೆ ಎಳೆದು ಮುಂದೆ ಹೋಗಿ. ಅವು ಕೊನೆಗೆ ಬೇಕಾಗುವಂಥವು. ಪೆನ್ಸಿಲ್ ಹಿಡಿಯಿರಿ. ಪ್ರತಿ ಸುಳಿವಿನ ಪಕ್ಕ ಉಳಿಕೆ ಅಕ್ಷರಕ್ಕೊಂದು ಜಾಗ ಬಿಡಿ. ಖಚಿತವಿಲ್ಲದಿದ್ದರೆ ಖಾಲಿ ಇರಲಿ.

ಕಂಡು ಕೇಳರಿಯದ ಪದಗಳಿಗೆ ಹೆದರಬೇಡಿ. ಬ್ರಿಟನ್ನಿನ ಈ ಬಳಗಕ್ಕೆ ಚೇಂಬರ್ಸ್ ನಿಘಂಟೇ ಪ್ರಮಾಣ; ಹಳೆಯ ಸ್ಕಾಟಿಷ್ ಪದಗಳಿಂದ ಹಿಡಿದು ಭಾರತದಿಂದ ಹೋದ ಪದಗಳವರೆಗೆ ಅದರಲ್ಲಿವೆ. ಅಕ್ಷರದಾಟದಿಂದ ಪದ ಕಟ್ಟಿ, ಆಮೇಲೆ ನಿಘಂಟು ತೆರೆದು ನೋಡಿ. ಗೆರೆಯ ಪದಬಂಧದಲ್ಲಿ ಒಂದನ್ನೊಂದು ಹಾಯುವ ಚೌಕಗಳು ಹೆಚ್ಚು. ಹಾಗಾಗಿ ಒಂದು ಮೂಲೆ ಬಿಟ್ಟುಕೊಟ್ಟರೆ ಅಲ್ಲಿಂದಲೇ ಹಬ್ಬಿ.

ಸಂದೇಶ ಅರ್ಧ ಸಿಕ್ಕಾಗ ಊಹೆಗೆ ಇಳಿಯಿರಿ. ‘ಕಾ’, ‘ತ’ ಸಿಕ್ಕು ನಡುವೆ ಖಾಲಿ ಇದ್ದರೆ ಕಾರಂತ ಇರಬಹುದೇ ಎನ್ನಿ. ಹಾಗಿದ್ದರೆ ಎರಡನೇ ಸುಳಿವಿನ ಹೆಚ್ಚುವರಿ ಪದ ‘ರಂ’ ಇಂದ ಶುರುವಾಗಬೇಕು. ‘ರಂಗಿನ’ ತೆಗೆದುಹಾಕಿದರೆ ಬಿಡಿಸಲಾಗದೆ ಬಿಟ್ಟ ಸುಳಿವು ಸಲೀಸಾಗುತ್ತದೆ. ಸುಳಿವಿನಿಂದ ಸಂದೇಶಕ್ಕೆ, ಸಂದೇಶದಿಂದ ಸುಳಿವಿಗೆ ಓಡಾಡುವ ಈ ಘಟ್ಟದಲ್ಲೇ ನಿಜವಾದ ರುಚಿಯಿದೆ.

ಮೊದಲೇ ‘ಲಿಸನರ್’ಗೆ ಕೈ ಹಾಕಬೇಡಿ. ‘ದಿ ಹಿಂದೂ’ವಿನ ಕ್ರಿಪ್ಟಿಕ್‌ನಲ್ಲಿ ಕೈ ಪಳಗಿಸಿ, ಅಝೆಡ್‌ನ ವಸ್ತುವಿಲ್ಲದ ಗೆರೆ ಪದಬಂಧಗಳನ್ನು ದಾಟಿ ಬನ್ನಿ. ಬಂದ ಮೇಲೂ ಒಂದು ಎಚ್ಚರ ಬೇಕು: ಚೌಕಗಳೆಲ್ಲ ತುಂಬಿದವೆಂದು ಪೆನ್ಸಿಲ್ ಕೆಳಗಿಡಬೇಡಿ. ಶೀರ್ಷಿಕೆ, ಪೀಠಿಕೆಗಳನ್ನು ಇನ್ನೊಮ್ಮೆ ಓದಿ. ಅಲ್ಲಿ ಯಾವ ಕೆಲಸಕ್ಕೂ ಬಾರದ ಪದ ಒಂದೇ ಒಂದು ಉಳಿದಿದ್ದರೂ ಚೋಮನ ದುಡಿ ಇನ್ನೂ ಸಿಕ್ಕಿಲ್ಲವೆಂದೇ ಅರ್ಥ.