ನೆಲಮಾಳಿಗೆಯೂ ನೀರೂ: ದಾರಿ ಕೊಟ್ಟು ಕಾಯುವ ಬಗೆ

ಸಂಸ್ಕೃತದಲ್ಲಿ ‘ಜೀವನ’ ಎಂಬ ಶಬ್ದಕ್ಕೆ ಬದುಕು ಎಂಬ ಅರ್ಥದೊಡನೆ ನೀರು ಎಂಬ ಅರ್ಥವೂ ಉಂಟು. ಬೆಂಗಳೂರಿನ ಪೂರ್ವಭಾಗದಲ್ಲಿ, ಇಂದಿರಾನಗರಕ್ಕೂ ಹಳೆಯ ವಿಮಾನ ನಿಲ್ದಾಣಕ್ಕೂ ನಡುವೆ ಇರುವ ಜೀವನ್ ಬಿಮಾ ನಗರವು, 1956ರಲ್ಲಿ ಸ್ಥಾಪನೆಗೊಂಡ ಭಾರತೀಯ ಜೀವ ವಿಮಾ ನಿಗಮದ ನೆನಪನ್ನು ತನ್ನ ಹೆಸರಿನಲ್ಲಿಯೇ ಹೊತ್ತಿರುವ ಬಡಾವಣೆ. ಬದುಕಿಗೆ ವಿಮೆ ಮಾಡಿಸುವುದನ್ನು ಕಲಿತ ನಾಗರಿಕನು, ತನ್ನ ಕಟ್ಟಡದ ಅಡಿಯಲ್ಲಿ ಬಂದು ಸೇರುವ ನೀರಿನಿಂದಲೂ ರಕ್ಷಣೆಯನ್ನು ಪಡೆಯಬೇಕಾದ ಕಾಲ ಈಗ ಬಂದೊದಗಿದೆ. ಆ ರಕ್ಷಣೆಯ ಒಂದು ಮಾರ್ಗವನ್ನು ಸ್ಥೂಲವಾಗಿ ಪರಿಚಯಿಸುವುದೇ ಈ ಲೇಖನದ ಉದ್ದೇಶ.

ನಿವೇಶನದ ಬೆಲೆ ಗಗನಕ್ಕೇರಿದಂತೆಲ್ಲ ನಗರವು ಮೇಲಕ್ಕೆ ಬೆಳೆಯುವುದರ ಜೊತೆಗೆ ಕೆಳಕ್ಕೂ ಇಳಿಯತೊಡಗಿತು. ತೋಟವುಳ್ಳ ಒಂದಂತಸ್ತಿನ ಮನೆಗಳಿದ್ದೆಡೆಯಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಎದ್ದವು. ಅವುಗಳ ಅಡಿಯಲ್ಲಿ ವಾಹನಗಳಿಗಾಗಿ ನೆಲಮಾಳಿಗೆಗಳು ಬಂದವು. ವಿದ್ಯಾಸಂಸ್ಥೆಗಳೂ ಇದಕ್ಕೆ ಹೊರತಲ್ಲ. ಗ್ರಂಥಭಂಡಾರ, ದಾಖಲೆಗಳ ಕೊಠಡಿ, ಪ್ರಯೋಗಾಲಯದ ಸಾಮಗ್ರಿ, ಉಗ್ರಾಣ ಇವೆಲ್ಲ ಎಷ್ಟೋ ಕಡೆ ನೆಲದ ಮಟ್ಟಕ್ಕಿಂತ ಕೆಳಗೆ ಇಳಿದಿವೆ. ನೆಲದ ಕೆಳಗೆ ಏನನ್ನಾದರೂ ಇಡಬೇಕಾದರೆ ಮೊದಲು ನೀರನ್ನು ನೆನೆಯಬೇಕೆಂಬುದು ನಮ್ಮ ಹಿರಿಯರಿಗೆ ತಿಳಿಯದ ಸಂಗತಿಯಲ್ಲ. ಉತ್ತರ ಕರ್ನಾಟಕದ ಒಕ್ಕಲಿಗರು ಜೋಳವನ್ನು ಹಗೇವಿನಲ್ಲಿ ತುಂಬಿಡುವಾಗ, ನೀರು ನಿಲ್ಲದ ಗಟ್ಟಿ ನೆಲವನ್ನು ನೋಡಿ ಆರಿಸುತ್ತಿದ್ದರು. ಇಂದಿನ ನಗರವಾಸಿಗೆ ಆ ಆಯ್ಕೆ ಇಲ್ಲ. ನಿವೇಶನ ಎಲ್ಲಿದೆಯೋ ಅಲ್ಲಿಯೇ ಅವನು ಅಗೆಯಬೇಕು.

ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೆಲಮಾಳಿಗೆಗೆ ನೀರು ಎಲ್ಲಿಂದ ಬರುತ್ತದೆ ಎಂದು ಕೆಲವರು ಕೇಳಬಹುದು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ನಗರವು ಹನಿ ನೀರಿಗಾಗಿ ಪರಿತಪಿಸಿದ್ದನ್ನು ನೆನೆದರೆ ಈ ಪ್ರಶ್ನೆ ಸಹಜವೇ. ಆದರೆ ಕೊಳವೆಬಾವಿಯ ನೀರು ಬಂಡೆಯ ಬಿರುಕುಗಳಲ್ಲಿ ಬಹು ಆಳದಲ್ಲಿ ಇರುವಂಥದು. ನೆಲಮಾಳಿಗೆಯನ್ನು ಕಾಡುವ ನೀರು ಮೇಲ್ಪದರದ್ದು. ಕೆಮ್ಮಣ್ಣು ಮತ್ತು ಶಿಥಿಲಗೊಂಡ ಕಲ್ಲಿನ ಪದರಗಳ ಮೂಲಕ ಇಳಿದ ಮಳೆನೀರು ಕೆಳಗಿನ ಗಟ್ಟಿ ಪದರವನ್ನು ತಲುಪಿದಾಗ ಅಲ್ಲಿಯೇ ತಡೆದು ನಿಲ್ಲುತ್ತದೆ; ಸೋರುವ ಕೊಳಾಯಿಗಳ ಮತ್ತು ಒಳಚರಂಡಿಗಳ ನೀರು ಅದಕ್ಕೆ ಸೇರುತ್ತದೆ. ಅಗೆದ ಹೊಂಡದ ಅಂಚಿಗೂ ಗೋಡೆಗೂ ನಡುವೆ ತುಂಬಿದ ಸಡಿಲ ಮಣ್ಣು ಈ ನೀರಿಗೆ ತೊಟ್ಟಿಯಂತಾಗುತ್ತದೆ. ಜೀವನ್ ಬಿಮಾ ನಗರದ ಸುತ್ತಲಿನ ನೆಲವು ಚಲ್ಲಘಟ್ಟದ ಕಣಿವೆಯತ್ತ ಇಳಿಯುತ್ತದೆ. ಆ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾಯ್ದು ದಕ್ಷಿಣ ಪಿನಾಕಿನಿಯನ್ನು ಸೇರುತ್ತದೆ. ಮೇಲೆ ಮನೆಗಳು ಎದ್ದರೂ ನೀರು ತನ್ನ ಇಳಿಜಾರನ್ನು ಮರೆಯುವುದಿಲ್ಲ. ವರ್ಷಕ್ಕೆ ಸರಾಸರಿ 1000 ಮಿ.ಮೀ.ಗಿಂತ ತುಸು ಕಡಿಮೆ ಮಳೆ ಬೀಳುವ ಈ ನಗರದಲ್ಲಿ 2022ರಲ್ಲಿ 1900 ಮಿ.ಮೀ.ಗೂ ಮೀರಿ ಮಳೆ ಸುರಿಯಿತೆಂಬುದನ್ನೂ ಇಲ್ಲಿ ಗಮನಿಸಬೇಕು.

ಈ ನೀರಿನ ಶಕ್ತಿ ಎಷ್ಟೆಂಬುದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ಮೀಟರ್ ಎತ್ತರ ನಿಂತ ನೀರು ತನ್ನ ತಳದಲ್ಲಿ ಚದರ ಮೀಟರಿಗೆ ಸುಮಾರು 1000 ಕಿಲೋಗ್ರಾಂ ಭಾರದ ಒತ್ತಡವನ್ನು ಹಾಕುತ್ತದೆ. ಗೋಡೆಯ ಹೊರಗೆ ಮೂರು ಮೀಟರ್ ನೀರು ನಿಂತರೆ ಬುಡದಲ್ಲಿ ಅದು 3000 ಕಿಲೋಗ್ರಾಂ ಆಗುತ್ತದೆ. ಹತ್ತು ಮೀಟರ್ ಉದ್ದದ ಗೋಡೆಯ ಮೇಲೆ ಒಟ್ಟಾರೆ ಸುಮಾರು 45 ಟನ್ನುಗಳ ನೂಕುಬಲ ಬೀಳುತ್ತದೆ. ಇಷ್ಟು ಒತ್ತಡವು ಹಗಲಿರುಳು ಹುಡುಕುವುದು ಒಂದೇ ಒಂದು ಕೂದಲೆಳೆಯ ಬಿರುಕನ್ನು. ಒಳಗೆ ಬಣ್ಣ ಬಳಿದು, ಗಾರೆ ಮೆತ್ತಿ ತೇವವನ್ನು ಮುಚ್ಚಲು ಹೊರಟವರ ಶ್ರಮವು ಎರಡು ಮಳೆಗಾಲಗಳಲ್ಲಿ ಸಿಪ್ಪೆಯಾಗಿ ಕಳಚಿ ಬೀಳುವುದು ಈ ಕಾರಣದಿಂದಲೇ.

ನೆಲಮಾಳಿಗೆಯನ್ನು ನೀರಿನಿಂದ ಕಾಯುವ ಕ್ರಮಗಳನ್ನು, 1990ರಲ್ಲಿ ಮೊದಲು ಪ್ರಕಟವಾಗಿ 2009ರಲ್ಲಿಯೂ 2022ರಲ್ಲಿಯೂ ಪರಿಷ್ಕೃತವಾದ ‘ಬಿ.ಎಸ್. 8102’ ಎಂಬ ಬ್ರಿಟಿಷ್ ಮಾನಕವು ಮೂರು ಬಗೆಯಾಗಿ ವಿಂಗಡಿಸುತ್ತದೆ. ಮೊದಲನೆಯದು, ಗೋಡೆಗೆ ಮತ್ತು ತಳಕ್ಕೆ ನೀರು ತಡೆಯುವ ಹೊದಿಕೆಯನ್ನು ಕೊಡುವುದು. ನಮ್ಮಲ್ಲಿ ಬಹುಕಾಲದಿಂದ ನಡೆದುಬಂದ, ಕಲಬುರಗಿ ಜಿಲ್ಲೆಯ ಶಹಾಬಾದಿನ ಕಲ್ಲುಚಪ್ಪಡಿಗಳನ್ನು ತಳದಲ್ಲಿಯೂ ಗೋಡೆಯ ಹೊರಮೈಗೂ ಜೋಡಿಸಿ ಸಂದುಗಳಿಗೆ ಸಿಮೆಂಟು ಗಾರೆ ತುಂಬುವ ಪೆಟ್ಟಿಗೆಯಂಥ ಪದ್ಧತಿ ಈ ಬಗೆಗೆ ಸೇರಿದುದು. ಎರಡನೆಯದು, ಕಾಂಕ್ರೀಟನ್ನೇ ನೀರು ನುಸುಳದಷ್ಟು ಸಾಂದ್ರವಾಗಿ ಕಟ್ಟುವುದು. ನೀರಿನ ತೊಟ್ಟಿಗಳ ಕಾಂಕ್ರೀಟಿಗೆ ಸಂಬಂಧಿಸಿದ ಐ.ಎಸ್. 3370 ಎಂಬ ಭಾರತೀಯ ಮಾನಕ ಇದಕ್ಕೆ ಮಾರ್ಗದರ್ಶಕವಾಗಬಲ್ಲದು. ಈ ಎರಡೂ ಉತ್ತಮ ಕ್ರಮಗಳೇ. ಆದರೆ ಕಟ್ಟಡ ಎದ್ದು, ಪಕ್ಕದ ಮನೆಯ ಗೋಡೆ ತಾಗಿ ನಿಂತ ಮೇಲೆ ಹೊರಮೈಯನ್ನು ಮತ್ತೆ ಅಗೆದು ತಲುಪುವುದು ಸಾಧ್ಯವಾಗದು. ಆಗ ಒದಗಿಬರುವುದು ಮೂರನೆಯ ಬಗೆ.

ಈ ಮೂರನೆಯ ಬಗೆಯು ನೀರಿನೊಡನೆ ಹಟಕ್ಕೆ ನಿಲ್ಲುವುದಿಲ್ಲ. ಗೋಡೆಯನ್ನು ದಾಟಿಬಂದ ಅಲ್ಪ ನೀರಿಗೆ ಕೊಠಡಿಯ ಕಣ್ಣಿಗೆ ಬೀಳದ ದಾರಿಯೊಂದನ್ನು ಕೊಟ್ಟು, ಒಂದೆಡೆ ಕೂಡಿಸಿ, ಹೊರಕ್ಕೆ ಸಾಗಿಸುತ್ತದೆ. ಕನ್ನಡ ನಾಡಿನ ಕೆರೆ ಕಟ್ಟುವವರಿಗೆ ಈ ತತ್ತ್ವ ಹೊಸದಲ್ಲ. ಕೆರೆಯ ಏರಿ ಎಷ್ಟೇ ಭದ್ರವಾಗಿದ್ದರೂ ಕೋಡಿ ಇಲ್ಲದಿದ್ದರೆ ಒಂದು ದೊಡ್ಡ ಮಳೆಗೆ ಅದು ಒಡೆಯುತ್ತದೆ. ಹೆಚ್ಚಿನ ನೀರಿಗೆ ಕೋಡಿಯಲ್ಲಿ ದಾರಿ ಇರುವುದರಿಂದಲೇ ಏರಿ ಉಳಿಯುತ್ತದೆ. ನೆಲಮಾಳಿಗೆಯಲ್ಲಿ ಆ ಕೋಡಿಯ ಕೆಲಸವನ್ನು ಮಾಡುವುದು ಉಬ್ಬುಗಳುಳ್ಳ ಒಂದು ಪ್ಲಾಸ್ಟಿಕ್ ಹಾಳೆ.

ಹೆಚ್ಚು ಸಾಂದ್ರತೆಯ ಪಾಲಿಥೀನಿನಿಂದ ತಯಾರಾದ ಈ ಹಾಳೆಯ ಮೈತುಂಬ ಸಾಲುಸಾಲಾಗಿ ಗುಬುಟುಗಳಿರುತ್ತವೆ. ಗೋಡೆಗೆ ಹಾಕುವ ಹಾಳೆಗಳಲ್ಲಿ ಗುಬುಟಿನ ಎತ್ತರ ಸಾಮಾನ್ಯವಾಗಿ 3ರಿಂದ 8 ಮಿ.ಮೀ.; ನೆಲಕ್ಕೆ ಹಾಸುವ ಹಾಳೆಗಳಲ್ಲಿ ಅದು 20 ಮಿ.ಮೀ.ವರೆಗೂ ಇರುವುದುಂಟು. ಗುಬುಟಿನ ಮೊನೆ ಗೋಡೆಯನ್ನು ಮುಟ್ಟಿ ನಿಂತಾಗ ಗೋಡೆಗೂ ಹಾಳೆಗೂ ನಡುವೆ ತೆಳುವಾದ ಒಂದು ಟೊಳ್ಳು ಉಳಿಯುತ್ತದೆ. ಒಸರಿದ ನೀರು ಆ ಟೊಳ್ಳಿಗೆ ಬಂದೊಡನೆ ತನ್ನ ಒತ್ತಡವನ್ನು ಕಳೆದುಕೊಂಡು, ಕೇವಲ ತನ್ನ ಭಾರದಿಂದ ಕೆಳಗಿಳಿಯುತ್ತದೆ. ಒತ್ತಡವಿಲ್ಲದ ನೀರನ್ನು ತಡೆಯಲು ತೆಳು ಹಾಳೆಯೇ ಸಾಕು. ಬೆಂಗಳೂರಿನಲ್ಲಿ ಇಂಥ ಹಾಳೆಗಳನ್ನು ತಾರಸಿ ತೋಟಗಳ ಮಣ್ಣಿನ ಅಡಿಯಲ್ಲಿ ನೀರು ಬಸಿಯಲೆಂದು ಹಾಸುವುದನ್ನು ಹಲವರು ನೋಡಿರಬಹುದು. ನೆಲಮಾಳಿಗೆಯ ಒಳಮೈಗೆ ಅದನ್ನು ಬಳಸುವ ಕ್ರಮವೇ ಇಲ್ಲಿ ಹೇಳುತ್ತಿರುವುದು.

ಕೆಲಸಕ್ಕೆ ಮೊದಲು ರೋಗನಿದಾನವಾಗಬೇಕು. ಗೋಡೆಯ ಮೇಲೆ ಕಾಣುವ ತೇವವೆಲ್ಲ ಹೊರಗಿನಿಂದ ಬಂದುದಲ್ಲ. ಗಾಳಿಯಾಡದ ಕೊಠಡಿಯಲ್ಲಿ ಗಾಳಿಯ ತೇವಾಂಶವೇ ತಣ್ಣನೆಯ ಗೋಡೆಯ ಮೇಲೆ ಹನಿಗಟ್ಟಬಹುದು. ಒಂದು ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಅಂಚುಗಳಲ್ಲಿ ಗೋಡೆಗೆ ಅಂಟಿಸಿ ಒಂದೆರಡು ದಿನ ಬಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಹನಿಗಳು ಗೋಡೆಯ ಕಡೆಗಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಕೊಠಡಿಯ ಕಡೆಗಿದ್ದರೆ ಬೇಕಾದುದು ಗಾಳಿಯ ಸಂಚಾರ. ಗೋಡೆಯಲ್ಲಿ ಧಾರೆಯಾಗಿ ನೀರು ಸುರಿಯುತ್ತಿದ್ದರೆ ಆ ಬಿರುಕನ್ನು ಮೊದಲು ಮುಚ್ಚಿಸಿ ಹರಿವನ್ನು ತಗ್ಗಿಸಬೇಕು. ಕಂಬಿ ತುಕ್ಕು ಹಿಡಿದು ಕಾಂಕ್ರೀಟು ಉಬ್ಬಿದ್ದರೆ ಅದರ ದುರಸ್ತಿಯೂ ಮೊದಲೇ ಆಗಬೇಕು. ಹಾಳೆಯು ದೋಷವನ್ನು ಕಣ್ಣಿನಿಂದ ಮರೆಮಾಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಬಳಿಕ ಗೋಡೆಯ ಸಡಿಲ ಗಾರೆ, ಹಳೆಯ ಬಣ್ಣ, ಮರದ ಚೂರು ಎಲ್ಲವನ್ನೂ ಕೆರೆದು ತೆಗೆಯುತ್ತಾರೆ. ಹೊಸ ಕಾಂಕ್ರೀಟಿನಿಂದ ನೀರಿನೊಡನೆ ಸುಣ್ಣವು ಕರಗಿ ಬಂದು ಕಾಲುವೆಯಲ್ಲಿ ಬಿಳಿಯ ಗಟ್ಟಿ ಹೊರೆಯಾಗಿ ಕೂರುವುದರಿಂದ, ಸುಣ್ಣವನ್ನು ಕಟ್ಟಿಹಾಕುವ ದ್ರಾವಣವನ್ನು ಮೇಲ್ಮೈಗೆ ಲೇಪಿಸುತ್ತಾರೆ. ಗೋಡೆ ಮತ್ತು ನೆಲ ಕೂಡುವ ಅಂಚಿನುದ್ದಕ್ಕೂ ಕಿರುಗಾಲುವೆಯೊಂದು ಸಾಗಿ ಸಂಪನ್ನು ಸೇರುವಂತೆ ಏರ್ಪಾಡಾಗುತ್ತದೆ. ಹೊಸ ಕಟ್ಟಡದಲ್ಲಿ ಇದಕ್ಕೆ ತಳದ ಕಾಂಕ್ರೀಟಿನಲ್ಲಿಯೇ ತಗ್ಗು ಬಿಟ್ಟಿರಬೇಕು. ಹಳೆಯ ಕಟ್ಟಡದಲ್ಲಿ ತಳವನ್ನು ಕೊರೆಯುವ ಮುನ್ನ ರಚನಾ ಎಂಜಿನಿಯರರ ಒಪ್ಪಿಗೆ ಅವಶ್ಯ. ಇಡೀ ಕಟ್ಟಡದ ಭಾರವನ್ನು ಹೊತ್ತಿರುವುದು ಆ ತಳವೇ. ಕಾಲುವೆಯ ಮೂಲೆಗಳಲ್ಲಿ ಮುಚ್ಚಳವುಳ್ಳ ಕಿಂಡಿಗಳನ್ನು ಇಡಲೇಬೇಕು. ಮುಂದೆ ಪೈಪು ಹಾಕಿ ನೀರು ಹಾಯಿಸಿ ಕಾಲುವೆಯನ್ನು ತೊಳೆಯುವುದು ಇವುಗಳ ಮೂಲಕವೇ.

ಅನಂತರ ಗುಬುಟುಗಳು ಗೋಡೆಯತ್ತ ಇರುವಂತೆ ಹಾಳೆಯನ್ನು ಹಿಡಿದು, ಡ್ರಿಲ್ಲಿನಿಂದ ತೂತು ಮಾಡಿ, ನೀರು ಬಿಡದ ಅಂಟಿನ ಉಂಗುರವುಳ್ಳ ವಿಶೇಷ ಗೂಟಗಳಿಂದ ಬಿಗಿಯುತ್ತಾರೆ. ಒಂದು ಹಾಳೆಯ ಅಂಚು ಮತ್ತೊಂದರ ಮೇಲೆ ಬರುವೆಡೆ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿಯಿಂದ ಬೆಸೆಯುತ್ತಾರೆ. ನೆಲಕ್ಕೂ ಹಾಳೆಯನ್ನು ಹಾಸಿ, ಗೋಡೆಯ ಹಾಳೆಯೊಡನೆ ಮೂಲೆಯ ಪಟ್ಟಿಯಿಂದ ಜೋಡಿಸುತ್ತಾರೆ. ಮುಚ್ಚುವ ಮೊದಲು ಕಾಲುವೆಗೆ ನೀರು ಹೊಯ್ದು ಅದು ಎಲ್ಲಿಯೂ ನಿಲ್ಲದೆ ಸಂಪಿಗೆ ಹರಿಯುವುದೇ ಎಂದು ಪರೀಕ್ಷಿಸುವುದು ಕಡ್ಡಾಯವೆಂದೇ ತಿಳಿಯಬೇಕು. ಈ ಪರೀಕ್ಷೆ ತೃಪ್ತಿಕರವಾದ ಮೇಲೆಯೇ ನೆಲಕ್ಕೆ ಮೇಲು ಕಾಂಕ್ರೀಟು, ಗೋಡೆಗೆ ಪ್ರತ್ಯೇಕ ಚೌಕಟ್ಟಿನ ಮೇಲೆ ಹಲಗೆಗಳು ಬರುತ್ತವೆ. ವಾಹನ ನಿಲ್ಲುವಲ್ಲಿ ಮೇಲಿನ ಕಾಂಕ್ರೀಟು ಆ ಭಾರಕ್ಕೆ ತಕ್ಕಂತೆ ಇರಬೇಕು. ಮುಂದೊಂದು ದಿನ ಕಪಾಟು ತೂಗುಹಾಕಲೆಂದು ಯಾರಾದರೂ ಗೋಡೆಗೆ ಮೊಳೆ ಹೊಡೆದರೆ ಇಡೀ ಶ್ರಮಕ್ಕೆ ತೂತು ಬಿದ್ದಂತೆಯೇ ಸರಿ.

ಸಂಪೇ ಈ ವ್ಯವಸ್ಥೆಯ ಹೃದಯ. ಅಲ್ಲಿ ನೀರು ಏರಿದಾಗ ತಾನಾಗಿ ಚಾಲೂ ಆಗುವ ಪಂಪು, ಅದು ಕೆಟ್ಟರೆ ಕೆಲಸಕ್ಕೆ ಬರುವ ಎರಡನೆಯ ಪಂಪು, ಹೊರಗೆ ಹೋದ ನೀರು ಹಿಂದಿರುಗದಂತೆ ಕವಾಟ, ನೀರು ಮಿತಿ ಮೀರಿದರೆ ಕೂಗುವ ಗಂಟೆ, ವಿದ್ಯುತ್ತು ಹೋದಾಗಲೂ ನಡೆಸುವ ಬ್ಯಾಟರಿ ಇಷ್ಟೂ ಇರಬೇಕು. ಜೋರು ಮಳೆಯೂ ವಿದ್ಯುತ್ ನಿಲುಗಡೆಯೂ ಒಟ್ಟಿಗೆ ಬರುವುದು ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ವಿದ್ಯುತ್ ಸೋರಿದೊಡನೆ ಸಂಪರ್ಕವನ್ನು ಕಡಿಯುವ ಸಾಧನವಿಲ್ಲದೆ ಇಂಥ ಪಂಪನ್ನು ಎಂದಿಗೂ ನಡೆಸಬಾರದು. 2025ರ ಮೇ ತಿಂಗಳ ಮಳೆಯಲ್ಲಿ ಬಿ.ಟಿ.ಎಂ. ಬಡಾವಣೆಯ ವಸತಿ ಸಮುಚ್ಚಯವೊಂದರಲ್ಲಿ, ನೆಲಮಾಳಿಗೆಯಲ್ಲಿ ನಿಂತ ನೀರನ್ನು ಪಂಪಿನಿಂದ ಹೊರಹಾಕಲು ಹೋದಾಗ ವಿದ್ಯುತ್ ತಗುಲಿ ಹಿರಿಯರೊಬ್ಬರೂ ಒಬ್ಬ ಬಾಲಕನೂ ಪ್ರಾಣ ಕಳೆದುಕೊಂಡರು. ನೀರು ತುಂಬಿದ ಮೇಲೆ ತಂದಿಡುವ ತಾತ್ಕಾಲಿಕ ಪಂಪಿಗೂ, ಮೊದಲೇ ವಿಧಿವತ್ತಾಗಿ ಅಳವಡಿಸಿದ ಪಂಪಿಗೂ ಇರುವ ಅಂತರವು ಕೇವಲ ಅನುಕೂಲದ್ದಲ್ಲ, ಪ್ರಾಣದ್ದು.

ಈ ಕ್ರಮದ ಮಿತಿಗಳನ್ನೂ ಹೇಳಬೇಕು. 2022ರ ಸೆಪ್ಟೆಂಬರ್ 5ರ ಬೆಳಗಿನವರೆಗಿನ ಒಂದು ದಿನದಲ್ಲಿ ನಗರದಲ್ಲಿ 131.6 ಮಿ.ಮೀ. ಮಳೆಯಾದಾಗ ಹಲವು ನೆಲಮಾಳಿಗೆಗಳು ಜಲಾವೃತವಾದವು. ರಸ್ತೆಯ ನೀರು ವಾಹನಗಳ ಇಳಿದಾರಿಯಲ್ಲಿ ಧುಮುಕಿ ಬರುವಾಗ ಗೋಡೆಯ ಹಾಳೆ ಏನನ್ನೂ ಮಾಡಲಾರದು. ಅದಕ್ಕೆ ಇಳಿದಾರಿಯ ತಲೆಯಲ್ಲಿ ದಿಬ್ಬ, ಅಡ್ಡಲಾಗಿ ಜಾಲರಿ ಹೊದಿಸಿದ ಕಾಲುವೆ ಬೇಕು. ಅಂತೆಯೇ, 2009ರಿಂದ ನಗರದಲ್ಲಿ ಕಡ್ಡಾಯವಾದ ಮಳೆನೀರು ಸಂಗ್ರಹಣೆಯ ಇಂಗುಗುಂಡಿಯನ್ನು ಗೋಡೆಯ ಪಕ್ಕದಲ್ಲಿಯೇ ತೋಡಿದರೆ, ಒಳ್ಳೆಯ ಕಾರ್ಯವೇ ನೆಲಮಾಳಿಗೆಗೆ ಕಂಟಕವಾಗುತ್ತದೆ. ಅದನ್ನು ಗೋಡೆಯಿಂದ ಸಾಕಷ್ಟು ದೂರದಲ್ಲಿ, ಇಳಿಜಾರಿನ ಕಡೆಗೆ ತೋಡಬೇಕು. ಸಂಪಿನ ನೀರನ್ನು ಒಳಚರಂಡಿಗೆ ಬಿಡುವುದೂ ಸಲ್ಲದು. ಶುದ್ಧವಾಗಿದ್ದರೆ ಅದು ಗಿಡಗಳಿಗೂ ಶೌಚಾಲಯಗಳಿಗೂ ಉಪಯೋಗಕ್ಕೆ ಬರುತ್ತದೆ. ದುರ್ವಾಸನೆ ಇದ್ದರೆ ಎಲ್ಲಿಯೋ ಒಳಚರಂಡಿ ಸೋರುತ್ತಿದೆಯೆಂದೇ ಶಂಕಿಸಬೇಕು.

ಎಲ್ಲಕ್ಕೂ ಮಿಗಿಲಾದ ಮಾತು ನಿರ್ವಹಣೆಯದು. ವರ್ಷಕ್ಕೊಮ್ಮೆಯಾದರೂ, ಮುಂಗಾರಿಗೆ ಮೊದಲು, ಕಿಂಡಿಗಳನ್ನು ತೆರೆದು ಕಾಲುವೆಯನ್ನು ತೊಳೆಯಬೇಕು. ಸುಣ್ಣದ ಹೊರೆಯನ್ನು ತೆಗೆಯಬೇಕು. ಪಂಪು, ಗಂಟೆ, ಬ್ಯಾಟರಿಗಳನ್ನು ನಡೆಸಿ ನೋಡಬೇಕು. ಮಾಡಿದ ಕೆಲಸವನ್ನು ಪುಸ್ತಕದಲ್ಲಿ ದಾಖಲಿಸಬೇಕು. ಕಟ್ಟಡಕ್ಕೆ ದಾನ ನೀಡಿದವರ ಹೆಸರು ಶಿಲಾಫಲಕದಲ್ಲಿ ಉಳಿಯುತ್ತದೆ. ಸಂಪಿನ ಪಂಪಿಗೆ ಶಿಲಾಫಲಕವಿಲ್ಲ. ಆದರೂ ಫಲಕ ಹೊತ್ತ ಗೋಡೆಯನ್ನೂ, ಅದರೊಳಗಿನ ಗ್ರಂಥಗಳನ್ನೂ, ಅಲ್ಲಿ ಓಡಾಡುವ ಮಕ್ಕಳನ್ನೂ ಕಾಯುವುದು ಆ ಪಂಪೇ. ಆದುದರಿಂದ ನೆಲಮಾಳಿಗೆಯುಳ್ಳ ಕಟ್ಟಡಕ್ಕೆ ನಿಧಿ ಕೂಡಿಸುವ ಸಂಸ್ಥೆಗಳು, ಕಟ್ಟುವ ವೆಚ್ಚದೊಡನೆ ವರ್ಷವರ್ಷದ ನಿರ್ವಹಣೆಯ ವೆಚ್ಚವನ್ನೂ ಮೊದಲ ದಿನವೇ ಲೆಕ್ಕಕ್ಕೆ ಹಿಡಿಯುವುದು ವಿಹಿತ. ಕಂತು ಕಟ್ಟದ ವಿಮೆಯಿಂದ ಪ್ರಯೋಜನವಿಲ್ಲವೆಂಬುದನ್ನು ಜೀವನ್ ಬಿಮಾ ನಗರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನೆಲದಡಿಯ ಈ ವಿಮೆಗೂ ಅದೇ ನಿಯಮ ಅನ್ವಯಿಸುತ್ತದೆ.