ಕಡಲಿಲ್ಲದ ಜಿಲ್ಲೆಯಲ್ಲಿ ನೌಕಾಶಾಸ್ತ್ರ

ನಮ್ಮದು ಕೆರೆಗಳ ಸೀಮೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಇವುಗಳಲ್ಲಿ ಯಾವ ಊರಿನಿಂದ ಹೊರಟರೂ ಕಡಲನ್ನು ಕಾಣಲು ನೂರಕ್ಕೆ ಮೀರಿದ ಮೈಲಿ ಹೋಗಬೇಕು. ಹೀಗಿರುವಾಗ ನೌಕಾಯಾನದ ಮಾತು ನಮಗೇಕೆ ಎಂದು ವಾಚಕರು ಕೇಳಬಹುದು. ನಡುಗಡಲಿನ ನಾವಿಕನು ತಾನಿರುವ ಸ್ಥಳವನ್ನು ತಿಳಿಯಲು ನೋಡುವ ಆಕಾಶವೇ ನಮ್ಮ ಅಂತರಗಂಗೆಯ ಬೆಟ್ಟದ ಮೇಲೂ ಇದೆ ಎಂಬುದೇ ನನ್ನ ಉತ್ತರ.

ಸ್ಥಳವನ್ನು ಗೊತ್ತುಮಾಡಲು ಅಕ್ಷಾಂಶ, ರೇಖಾಂಶ ಎಂಬ ಎರಡು ಅಂಕಿಗಳು ಬೇಕು. ಇವುಗಳಲ್ಲಿ ಅಕ್ಷಾಂಶ ಸುಲಭ. ಆಕಾಶದ ಉತ್ತರಧ್ರುವವು ದಿಗಂತದಿಂದ ಎಷ್ಟು ಅಂಶ ಮೇಲಿದೆಯೋ ಅಷ್ಟೇ ನಾವಿರುವ ಅಕ್ಷಾಂಶ. ಕೋಲಾರದಲ್ಲಿ ಅದು ೧೩ ಅಂಶ ೮ ಕಲೆ. ಮಂಗಳೂರೂ ಮದರಾಸೂ ಹೆಚ್ಚುಕಡಿಮೆ ಇದೇ ಸಾಲಿನಲ್ಲಿವೆ. ಅರಬ್ಬೀ ಸಮುದ್ರದ ಹಳೆಯ ನಾವಿಕರು ‘ಕಮಾಲ್’ ಎಂಬ ಸಣ್ಣ ಹಲಗೆಗೆ ಗಂಟುಹಾಕಿದ ದಾರ ಕಟ್ಟಿ, ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಧ್ರುವನಕ್ಷತ್ರದ ಎತ್ತರವನ್ನು ಅಳೆಯುತ್ತಿದ್ದರು. ತಾವು ಸೇರಬೇಕಾದ ಬಂದರಿನ ಎತ್ತರಕ್ಕೆ ನಕ್ಷತ್ರ ಬರುವವರೆಗೆ ತೆಂಕಕ್ಕೋ ಬಡಗಕ್ಕೋ ಸಾಗಿ, ಆಮೇಲೆ ಅದೇ ಅಕ್ಷಾಂಶವನ್ನು ಹಿಡಿದು ನೇರವಾಗಿ ದಡಕ್ಕೆ ಬರುತ್ತಿದ್ದರು. ಇದಕ್ಕೆ ಗಡಿಯಾರ ಬೇಕಿಲ್ಲ.

ನಾನೂ ನನ್ನ ಗೆಳೆಯನೂ ಜನವರಿಯ ಮೊದಲ ವಾರದ ಒಂದು ರಾತ್ರಿ ಎಂಟರ ಸುಮಾರಿಗೆ ಇದನ್ನು ಪರೀಕ್ಷಿಸಿದೆವು. ಜಾಮಿತಿ ಪೆಟ್ಟಿಗೆಯ ಕೋನಮಾಪಕಕ್ಕೆ ಕಾಗದದ ಕೊಳವೆಯನ್ನೂ, ಕಲ್ಲು ಕಟ್ಟಿದ ದಾರವನ್ನೂ ಜೋಡಿಸಿದ್ದೇ ನಮ್ಮ ಯಂತ್ರ. ಬಂದ ಲೆಕ್ಕ ೧೪ ಅಂಶ. ನಕ್ಷೆಯಲ್ಲಿ ನೋಡಿದರೆ ನಾವು ಕದಿರಿಯ ಸಮೀಪದಲ್ಲಿರಬೇಕಾಗಿತ್ತು! ಇಪ್ಪತ್ತು ಸಲ ಅಳೆದು ಸರಾಸರಿ ತೆಗೆದರೂ ಹದಿಮೂರೂಮುಕ್ಕಾಲಿಗಿಂತ ಕೆಳಗಿಳಿಯಲಿಲ್ಲ. ತಪ್ಪು ಕಣ್ಣಿನದೆಂದೇ ಬಗೆದಿದ್ದೆವು. ಪುಸ್ತಕ ತೆರೆದಾಗ ತಿಳಿಯಿತು: ಧ್ರುವನಕ್ಷತ್ರ ಧ್ರುವದಲ್ಲೇ ಇಲ್ಲ, ಅರ್ಧ ಅಂಶಕ್ಕೂ ಸ್ವಲ್ಪ ಹೆಚ್ಚು ದೂರದಲ್ಲಿ ಅದನ್ನು ಸುತ್ತುತ್ತಿದೆ. ಆ ಹೊತ್ತಿನಲ್ಲಿ ಅದು ಧ್ರುವದ ನೆತ್ತಿಯ ಮೇಲಿತ್ತು. ಅಷ್ಟನ್ನು ಕಳೆದಾಗ ನಾವು ಕೋಲಾರಕ್ಕೆ ಮರಳಿದೆವು.

ಸೆಕ್ಸ್ಟೆಂಟ್ ಯಂತ್ರವನ್ನು ಬಲ್ಲವನು ಹಿಡಿದರೆ ಒಂದೆರಡು ಕಲೆಗಳಷ್ಟು ಸೂಕ್ಷ್ಮವಾಗಿ ಅಳೆಯಬಹುದು. ಅಕ್ಷಾಂಶದ ಒಂದು ಕಲೆ ಎಂದರೆ ಒಂದು ನಾವಿಕ ಮೈಲಿ, ಅಂದರೆ ೧೮೫೨ ಮೀಟರು. ಮಾಲೂರಿಗೂ ಶ್ರೀನಿವಾಸಪುರಕ್ಕೂ ಇರುವ ಅಕ್ಷಾಂಶದ ಅಂತರ ಸುಮಾರು ೨೦ ಕಲೆ. ಸೆಕ್ಸ್ಟೆಂಟಿಗೆ ಇವು ಬೇರೆ ಬೇರೆ ಊರುಗಳು. ನಮ್ಮ ಕೋನಮಾಪಕಕ್ಕೆ ಎರಡೂ ಒಂದೇ.

ಎರಡನೆಯ ಮಾರ್ಗ ನಡುಹಗಲಿನ ಸೂರ್ಯ. ಸೂರ್ಯನು ಅತ್ಯಂತ ಎತ್ತರಕ್ಕೇರಿದಾಗ ನೆತ್ತಿಯಿಂದ ಎಷ್ಟು ಅಂಶ ವಾಲಿದ್ದಾನೆಂದು ಅಳೆದು, ಆ ದಿನದ ಕ್ರಾಂತಿಯನ್ನು ನಾವಿಕ ಪಂಚಾಂಗದಿಂದ ತೆಗೆದು ಕೂಡುವುದೋ ಕಳೆಯುವುದೋ ಮಾಡಬೇಕು. ಡಿಸೆಂಬರ್ ೨೧ರಂದು ಕೋಲಾರದಲ್ಲಿ ಸೂರ್ಯ ನೆತ್ತಿಯಿಂದ ದಕ್ಷಿಣಕ್ಕೆ ೩೬ ಅಂಶ ೩೪ ಕಲೆ ವಾಲಿರುತ್ತಾನೆ. ದಕ್ಷಿಣಕ್ರಾಂತಿ ೨೩ ಅಂಶ ೨೬ ಕಲೆ. ಕಳೆದರೆ ೧೩ ಅಂಶ ೮ ಕಲೆ.

ಎರಡರಲ್ಲಿ ಯಾವುದನ್ನು ಆರಿಸಬೇಕು? ನಮ್ಮ ಅಕ್ಷಾಂಶದಲ್ಲಿ ಧ್ರುವನಕ್ಷತ್ರ ತೀರ ಕೆಳಗಿದೆ; ಕಡಲಿನ ಮಬ್ಬಿನಲ್ಲಿ ಮುಚ್ಚಿಹೋಗುವುದುಂಟು. ಆದ್ದರಿಂದ ಚಳಿಗಾಲದಲ್ಲಿ ಸೂರ್ಯನೇ ಮೇಲು. ಆದರೆ ಏಪ್ರಿಲ್ ಕೊನೆಯಲ್ಲೂ ಆಗಸ್ಟ್ ನಡುವಿನಲ್ಲೂ ಸೂರ್ಯ ನೇರ ನೆತ್ತಿಗೆ ಬರುವುದರಿಂದ ಯಾವ ದಿಕ್ಕಿನ ದಿಗಂತಕ್ಕೆ ಅಳೆಯಬೇಕೆಂಬುದೇ ತಿಳಿಯದು. ಆಗ ನಕ್ಷತ್ರಗಳನ್ನೇ ನಂಬಬೇಕು.

ರೇಖಾಂಶದ ಸಮಸ್ಯೆ ಬೇರೆ. ಭೂಮಿ ಒಂದು ಅಂಶ ತಿರುಗಲು ನಾಲ್ಕು ನಿಮಿಷ ಬೇಕು. ಮುಳಬಾಗಿಲಿನಲ್ಲಿ ನಡುಹಗಲಾದ ಸುಮಾರು ಒಂದೂಮುಕ್ಕಾಲು ನಿಮಿಷಕ್ಕೆ ಮಾಲೂರಿನಲ್ಲಿ ನಡುಹಗಲು. ಇದನ್ನು ತಿಳಿಯಲು ಗಡಿಯಾರ ಸರಿಯಾಗಿರಬೇಕು; ನಾಲ್ಕು ಸೆಕೆಂಡು ತಪ್ಪಿದರೆ ರೇಖಾಂಶ ಒಂದು ಕಲೆ ತಪ್ಪುತ್ತದೆ. ಜಾನ್ ಹ್ಯಾರಿಸನ್ ಮಾಡಿದ ಗಡಿಯಾರ ೧೭೬೧ರಲ್ಲಿ ಜಮೈಕಾ ಯಾನಕ್ಕೆ ಹೊರಡುವವರೆಗೆ ಹಡಗಿನಲ್ಲಿ ಇಂಥ ಕಾಲಮಾಪಕ ಇರಲಿಲ್ಲ. ನೆಲದ ಮೇಲೂ ಈ ತೊಡಕು ಇತ್ತು. ವಿಲಿಯಂ ಲ್ಯಾಂಬ್ಟನ್ ೧೮೦೨ರಲ್ಲಿ ಮದರಾಸಿನ ಬಳಿ ಮೋಜಣಿ ಆರಂಭಿಸಿ ಮಂಗಳೂರಿನವರೆಗೆ ತ್ರಿಕೋನಗಳನ್ನು ಹೆಣೆದ ಮೇಲೆ, ಹಿಂದಿನ ನಕ್ಷೆಗಳು ಪರ್ಯಾಯದ್ವೀಪದ ಅಗಲವನ್ನು ಸುಮಾರು ೪೦ ಮೈಲಿ ಹೆಚ್ಚಾಗಿ ತೋರಿಸಿದ್ದುವೆಂದು ಗೊತ್ತಾಯಿತು.

ಉಪಗ್ರಹಗಳು ಕ್ಷಣಾರ್ಧದಲ್ಲಿ ಸ್ಥಳ ತಿಳಿಸುವ ಈ ಕಾಲದಲ್ಲಿ ಇದೆಲ್ಲ ವ್ಯರ್ಥಶ್ರಮವಲ್ಲವೆ? ಉಪಗ್ರಹದ ಸಂಕೇತ ಬಲು ಕ್ಷೀಣವಾದದ್ದು; ಅದನ್ನು ಅಡಗಿಸಬಹುದು, ಸುಳ್ಳು ಸಂಕೇತವನ್ನೂ ಕಳುಹಿಸಬಹುದು. ಅಮೆರಿಕದ ನೌಕಾ ಅಕಾಡೆಮಿ ಕೈಬಿಟ್ಟಿದ್ದ ಈ ಪಾಠವನ್ನು ೨೦೧೫ರಲ್ಲಿ ಮತ್ತೆ ತಂದಿತು. ಉಪಗ್ರಹದ ನೆರವನ್ನು ನಿಷೇಧಿಸಿದ ಗೋಲ್ಡನ್ ಗ್ಲೋಬ್ ಪಂದ್ಯದಲ್ಲಿ ನಮ್ಮ ಅಭಿಲಾಷ್ ಟೋಮಿ ೨೦೧೮ರಲ್ಲಿ ಹಿಂದೂ ಮಹಾಸಾಗರದ ಬಿರುಗಾಳಿಗೆ ಸಿಕ್ಕಿ ಬೆನ್ನುಮೂಳೆಗೆ ಪೆಟ್ಟುಬಿದ್ದು ಹಿಂದಿರುಗಿದರು. ಆದರೂ ಮತ್ತೆ ಹೊರಟು, ಸೆಕ್ಸ್ಟೆಂಟ್ ಹಿಡಿದು ಒಬ್ಬರೇ ಭೂಮಿಯನ್ನು ಸುತ್ತಿ, ೨೦೨೩ರ ಏಪ್ರಿಲಿನಲ್ಲಿ ಎರಡನೆಯವರಾಗಿ ದಡ ಸೇರಿದರು.

ಉಪಗ್ರಹದ ಯಂತ್ರವನ್ನು ಬಿಸಾಡಬೇಕೆಂದು ನಾನು ಹೇಳುತ್ತಿಲ್ಲ. ಯಂತ್ರ ತಪ್ಪಿದಾಗ ಅದು ತಪ್ಪಿತೆಂದು ತಿಳಿಯುವ ಬುದ್ಧಿ ನಮ್ಮಲ್ಲಿರಬೇಕು. ಕದಿರಿಗೆ ಹೋಗಿ ಬಂದ ನಮಗೆ ಇದರ ಬೆಲೆ ಚೆನ್ನಾಗಿ ತಿಳಿದಿದೆ. ಗೆಳೆಯರು ನಂಬದಿದ್ದರೆ ಏಪ್ರಿಲ್ ೨೪ರಂದು ಕಾಲೇಜಿನ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಹನ್ನೆರಡು ಗಂಟೆ ಹದಿನಾರು ನಿಮಿಷದ ಸುಮಾರಿಗೆ ಅದರ ನೆರಳನ್ನು ಹುಡುಕಲಿ. ನೆರಳು ಸಿಕ್ಕದು, ಕೋಲಾರದ ಅಕ್ಷಾಂಶ ಸಿಕ್ಕುತ್ತದೆ.