ಕುತ್ತಿಗೆಯ ಗಂಟು: ದುಗ್ಧಗ್ರಂಥಿಗಳ ಕ್ಯಾನ್ಸರ್ ಬಗ್ಗೆ ತಿಳಿಯೋಣ

ಗಂಟಲು ನೋವು ಬಂದಾಗ ದವಡೆಯ ಕೆಳಗೆ ಬೆರಳಿಟ್ಟು ನೋಡಿದ್ದೀರಾ? ಕಡಲೆಕಾಳಿನಷ್ಟು ದಪ್ಪದ ಗಂಟೊಂದು ಕೈಗೆ ಸಿಗುತ್ತದೆ. ಮುಟ್ಟಿದರೆ ನೋವು. ಜ್ವರ ಇಳಿದ ಕೆಲವು ದಿನಗಳಲ್ಲಿ ಅದೂ ಇಳಿಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿನಲ್ಲಿ ಇಂಥದೇ ಗಂಟು ಏಳುತ್ತದೆ. ಇವೇ ದುಗ್ಧಗ್ರಂಥಿಗಳು. ನಮ್ಮ ದೇಹದಲ್ಲಿ ಇವು 500ಕ್ಕೂ ಹೆಚ್ಚಿವೆ. ಎದೆ, ಹೊಟ್ಟೆಗಳ ಒಳಗಿರುವವು ಕೈಗೆ ಸಿಗುವುದಿಲ್ಲ, ಅಷ್ಟೆ.

ಪಠ್ಯಪುಸ್ತಕಗಳಲ್ಲಿ ರಕ್ತಪರಿಚಲನೆಗೆ ಪುಟಗಟ್ಟಲೆ ಜಾಗ. ದುಗ್ಧರಸಕ್ಕೆ ಒಂದೆರಡು ಪ್ಯಾರಾ. ಆದರೆ ಎರಡನೆಯದಿಲ್ಲದೆ ಮೊದಲನೆಯದು ನಡೆಯದು. ಅತಿ ಸಣ್ಣ ರಕ್ತನಾಳಗಳಿಂದ ಸದಾ ಸ್ವಲ್ಪ ದ್ರವ ಹೊರಕ್ಕೆ ಒಸರುತ್ತಿರುತ್ತದೆ. ಅದನ್ನು ದುಗ್ಧನಾಳಗಳು ಹೀರಿಕೊಂಡು ಕೊರಳ ಬುಡದಲ್ಲಿ ಮತ್ತೆ ರಕ್ತಕ್ಕೆ ಸೇರಿಸುತ್ತವೆ. ಇಲ್ಲಿ ಹೃದಯದಂಥ ಪಂಪು ಇಲ್ಲ. ನಾಳಗಳು ತಾವೇ ಹಿಂಡಿಕೊಳ್ಳುತ್ತವೆ. ನಾವು ನಡೆದಾಡುವಾಗ ಸ್ನಾಯುಗಳು ಅವನ್ನು ಅದುಮುತ್ತವೆ. ಈ ದಾರಿ ಕೆಟ್ಟರೆ ಏನಾಗುತ್ತದೆಂದು ಕರಾವಳಿಯ ಹಿರಿಯರಿಗೆ ಚೆನ್ನಾಗಿ ಗೊತ್ತು. ಆನೆಕಾಲು ಎಂದರೆ ಹುಳುಗಳಿಂದ ದುಗ್ಧನಾಳ ಕೆಟ್ಟು, ದ್ರವ ನಿಂತು ಬರುವ ಊತ.

ಈ ದಾರಿಯುದ್ದಕ್ಕೂ ಇರುವ ತಪಾಸಣಾ ಠಾಣೆಗಳೇ ದುಗ್ಧಗ್ರಂಥಿಗಳು. ಅಲ್ಲಿ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಕಾದಿರುತ್ತವೆ. ರೋಗಾಣು ಸಿಕ್ಕರೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತವೆ, ಗಂಟು ಊದುತ್ತದೆ. ಕೆಲಸ ಮುಗಿದ ಮೇಲೆ ಹೆಚ್ಚಿನವು ತಾವೇ ಸಾಯುತ್ತವೆ. ಯಾವುದೋ ಒಂದು ಲಿಂಫೋಸೈಟಿನ ಡಿ.ಎನ್.ಎ.ಯಲ್ಲಿ ದೋಷಗಳು ಸೇರಿಕೊಂಡು, ಸಾಯಬೇಕಾದಾಗ ಸಾಯದೆ ಅದು ಹೆಚ್ಚುತ್ತಲೇ ಹೋದರೆ ಅದೇ ಲಿಂಫೋಮಾ, ಅಂದರೆ ದುಗ್ಧವ್ಯೂಹದ ಕ್ಯಾನ್ಸರ್.

ಇದನ್ನು ಮೊದಲು ವಿವರವಾಗಿ ಬರೆದವರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಹಾಜ್‌ಕಿನ್ ಮುಖ್ಯರು. 1832ರಲ್ಲಿ ಅವರು ಸತ್ತವರ ದೇಹಗಳಲ್ಲಿ ಊದಿದ ಗ್ರಂಥಿಗಳನ್ನೂ ಗುಲ್ಮವನ್ನೂ ಬರಿಗಣ್ಣಿನಿಂದ ನೋಡಿ, ಇದು ಬೇರೆಯೇ ರೋಗವಿರಬೇಕೆಂದು ಬರೆದರು. ಆಗ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1865ರಲ್ಲಿ ಸ್ಯಾಮ್ಯುಯೆಲ್ ವಿಲ್ಕ್ಸ್ ಎಂಬ ವೈದ್ಯರು ಆ ರೋಗಕ್ಕೆ ಹಾಜ್‌ಕಿನ್ನರ ಹೆಸರನ್ನೇ ಇಟ್ಟರು. 1898ರಲ್ಲಿ ವಿಯೆನ್ನಾದ ಕಾರ್ಲ್ ಸ್ಟರ್ನ್‌ಬರ್ಗ್ ಇಂಥ ಗ್ರಂಥಿಗಳಲ್ಲಿ ದೈತ್ಯ ಜೀವಕೋಶಗಳಿರುವುದನ್ನು ವರ್ಣಿಸಿದರು. ಆದರೆ ಇದು ಕ್ಷಯದ್ದೇ ಒಂದು ರೂಪ ಎಂದುಕೊಂಡರು. 1902ರಲ್ಲಿ ಅಮೆರಿಕದ ಡೊರೊಥಿ ರೀಡ್ ಎಂಬ ತರುಣ ವೈದ್ಯೆ, ಅಲ್ಲ, ಇದು ಕ್ಷಯವಲ್ಲ ಎಂದು ತೋರಿಸಿದರು. ಆ ಕೋಶಕ್ಕೆ ಇಂದು ಇಬ್ಬರ ಹೆಸರೂ ಇದೆ. ಎರಡು ದೊಡ್ಡ ಕೋಶಕೇಂದ್ರಗಳಿಂದ ಅದು ಗೂಬೆಯ ಕಣ್ಣುಗಳಂತೆ ದಿಟ್ಟಿಸುತ್ತದೆ. ಪರದೆಯ ಮೇಲೆ ಒಮ್ಮೆ ನೋಡಿದವರು ಮರೆಯಲಾರರು.

ಈ ಹಳೆಯ ಚರ್ಚೆ ನಮ್ಮ ದೇಶದಲ್ಲಿ ಇನ್ನೂ ಹಳತಾಗಿಲ್ಲ. ಕುತ್ತಿಗೆಯ ಗ್ರಂಥಿಗಳಿಗೆ ತಗಲುವ ಕ್ಷಯ, ನಮ್ಮ ಹಿರಿಯರು ಗಂಡಮಾಲೆ ಎನ್ನುತ್ತಿದ್ದ ರೋಗ, ಇಲ್ಲಿ ಸಾಮಾನ್ಯ. ಸಂಜೆಯ ಜ್ವರ, ರಾತ್ರಿ ಹಾಸಿಗೆ ತೊಯ್ಯುವಷ್ಟು ಬೆವರು, ಕಾರಣವಿಲ್ಲದೆ ಇಳಿಯುವ ತೂಕ: ಇವು ಕ್ಷಯದಲ್ಲೂ ಉಂಟು, ಲಿಂಫೋಮಾದಲ್ಲೂ ಉಂಟು. ಹೀಗಾಗಿ ಪರೀಕ್ಷೆಯಿಲ್ಲದೆ ಬರೀ ಅಂದಾಜಿನ ಮೇಲೆ ಕ್ಷಯದ ಮಾತ್ರೆ ನುಂಗುತ್ತಾ ತಿಂಗಳುಗಟ್ಟಲೆ ಕಳೆದುಹೋಗುವುದುಂಟು. ಬೆರಳಿಗೆ ಈ ಭೇದ ತಿಳಿಯದು. ಗಂಟಿನ ತುಣುಕನ್ನು, ಸಾಧ್ಯವಾದರೆ ಇಡೀ ಗಂಟನ್ನೇ, ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದೇ ಬಯಾಪ್ಸಿ. ಇಡೀ ಗಂಟು ಏಕೆ? ಹಾಜ್‌ಕಿನ್ ರೋಗದಲ್ಲಿ ಆ ಗೂಬೆಗಣ್ಣಿನ ಕೋಶಗಳು ನೂರಕ್ಕೆ ಒಂದೆರಡು ಇದ್ದರೆ ಹೆಚ್ಚು. ಸೂಜಿಯ ತುದಿಗೆ ಬಂದ ನಾಲ್ಕು ಹನಿಯಲ್ಲಿ ಅವು ಸಿಗದೇ ಹೋಗಬಹುದು.

'ಗಂಟಿಗೆ ಕತ್ತಿ ತಾಗಿಸಿದರೆ ರೋಗ ಹರಡುತ್ತದಂತೆ, ಹೌದೆ?' ಎಂಬುದು ಕ್ಯಾನ್ಸರಿನ ಮಾತು ಬಂದಾಗಲೆಲ್ಲ ಕೇಳಿಬರುವ ಪ್ರಶ್ನೆ. ಲಿಂಫೋಮಾ ಬಯಾಪ್ಸಿಯಿಂದ ಹರಡುವುದಿಲ್ಲ. ತಡವಾದಷ್ಟೂ ಅದು ತಾನಾಗಿಯೇ ಬೇರೆ ಗ್ರಂಥಿಗಳಿಗೆ ಹಬ್ಬುತ್ತದೆ.

ನಿಮ್ಮ ವಯಸ್ಸಿನವರಿಗೇ ಇದನ್ನು ಹೇಳಲು ಕಾರಣವಿದೆ. ಹೆಚ್ಚಿನ ಕ್ಯಾನ್ಸರುಗಳು ಮುಪ್ಪಿನತ್ತ ಬರುವಂಥವು. ಹಾಜ್‌ಕಿನ್ ಲಿಂಫೋಮಾ ಹದಿನೈದರಿಂದ ಮೂವತ್ತೈದರ ಪ್ರಾಯದವರಲ್ಲೂ ಕಾಣಿಸುತ್ತದೆ. ಎಲ್ಲ ಗಂಟಿಗೂ ಹೆದರಬೇಕಿಲ್ಲ, ಬಹುಪಾಲು ಸೋಂಕಿನವೇ. ಆದರೆ ನೋವಿಲ್ಲದ ಗಂಟು ಮೂರು ವಾರವಾದರೂ ಇಳಿಯದಿದ್ದರೆ, ದೊಡ್ಡದಾಗುತ್ತಿದ್ದರೆ, ಅಥವಾ ಕಾಲರ್ ಮೂಳೆಯ ಮೇಲಿನ ಕುಳಿಯಲ್ಲಿದ್ದರೆ ಮನೆಯಲ್ಲಿ ಹೇಳಿ ವೈದ್ಯರಿಗೆ ತೋರಿಸಿ. ನೋವಿಲ್ಲವಲ್ಲ ಎಂಬ ಸಮಾಧಾನವೇ ಇಲ್ಲಿ ಮೋಸಮಾಡುತ್ತದೆ.

ಚಿಕಿತ್ಸೆಯ ಕತೆ ವಿಚಿತ್ರ. ಮೊದಲ ಮಹಾಯುದ್ಧದ ಮಸ್ಟರ್ಡ್ ಅನಿಲ ಸೈನಿಕರ ಬಿಳಿ ರಕ್ತಕಣಗಳನ್ನು ನಾಶಮಾಡುತ್ತಿತ್ತು. ಹಾಗಾದರೆ ಬಿಳಿ ಕಣಗಳ ಕ್ಯಾನ್ಸರಿಗೆ? 1942ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಅದರ ಸಂಬಂಧಿ ರಾಸಾಯನಿಕವೊಂದನ್ನು ಲಿಂಫೋಮಾ ರೋಗಿಗೆ ಚುಚ್ಚಿದರು. ಗಡ್ಡೆಗಳು ಕರಗಿದವು, ಕೆಲವೇ ವಾರಗಳಲ್ಲಿ ಮರಳಿದವು. 1960ರ ದಶಕದಲ್ಲಿ ನಾಲ್ಕು ಔಷಧಿಗಳನ್ನು ಒಟ್ಟಿಗೆ ಕೊಟ್ಟಾಗ ಅನೇಕರಲ್ಲಿ ಮರಳಲಿಲ್ಲ. ಒಂದರಿಂದ ತಪ್ಪಿಸಿಕೊಂಡ ಕೋಶ ಇನ್ನೊಂದಕ್ಕೆ ಸಿಕ್ಕಿಬೀಳುತ್ತದೆ. ಇಂದು, ಬೇಗ ಗುರುತಿಸಿ ಪೂರ್ತಿ ಚಿಕಿತ್ಸೆ ಪಡೆದ ಹಾಜ್‌ಕಿನ್ ರೋಗಿಗಳಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಗುಣವಾಗುತ್ತಾರೆ. ಹಾಜ್‌ಕಿನ್ ಅಲ್ಲದ ಲಿಂಫೋಮಾಗಳಲ್ಲಿ ಹತ್ತಾರು ಬಗೆ. ಕೆಲವು ವಾರಗಳಲ್ಲಿ ಬೆಳೆಯುತ್ತವೆ, ಕೆಲವು ವರ್ಷಗಳ ಕಾಲ ಸುಮ್ಮನಿರುತ್ತವೆ. ಆದ್ದರಿಂದ ಬಯಾಪ್ಸಿ ವರದಿಯಲ್ಲಿ ಬಗೆಯ ಹೆಸರೂ ಇರಬೇಕು.

ಕೂದಲು ಉದುರಿದ ತಲೆಯಲ್ಲಿ ಸಹಪಾಠಿಯೊಬ್ಬ ತರಗತಿಗೆ ಮರಳಿದರೆ ಪಕ್ಕದಲ್ಲೇ ಕುಳಿತುಕೊಳ್ಳಿ. ಇದು ಅಂಟುರೋಗವಲ್ಲ, ಕೂದಲು ಉದುರಿದ್ದು ಔಷಧಿಯಿಂದ, ಮತ್ತೆ ಬೆಳೆಯುತ್ತದೆ. ಅಪಾಯವಿರುವುದು ಎದುರು ದಿಕ್ಕಿನಿಂದ. ಚಿಕಿತ್ಸೆಯಲ್ಲಿ ಅವನ ಬಿಳಿ ರಕ್ತಕಣಗಳು ಇಳಿದಿರುತ್ತವೆ. ನಿಮಗೆ ನೆಗಡಿ, ಜ್ವರ, ಸೀತಾಳೆ ಸಿಡುಬು (ಚಿಕನ್‌ಪಾಕ್ಸ್) ಏನಾದರೂ ಇದ್ದರೆ ಅಷ್ಟು ದಿನ ಮಾತ್ರ ದೂರದ ಬೆಂಚಿನಲ್ಲಿರಿ.